ಯು ಜಿದಿಗೆ ಕಂಚು ಬಂದದ್ದು ಮೆಡ್ಲೆಯಲ್ಲಿ ಅಲ್ಲ

‘ಚೀನಾದ 12 ವರ್ಷದ ಯು ಜಿದಿ ವಿಶ್ವ ಈಜು ಚಾಂಪಿಯನ್‌ಷಿಪ್‌ನ 200 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ (ಒಬ್ಬರೇ ನಾಲ್ಕು ಶೈಲಿಗಳಲ್ಲಿ ಈಜುವ ಸ್ಪರ್ಧೆ) ಕಂಚು ಗೆದ್ದಳು’ ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ಹಂಚಿಕೊಂಡಿದ್ದೆ. ಅದು ತಪ್ಪು, ಕ್ಷಮಿಸಿ.

2025ರ ಜುಲೈ 28ರಂದು ಸಿಂಗಪುರದಲ್ಲಿ ನಡೆದ ಆ ಫೈನಲ್‌ನಲ್ಲಿ ಆಕೆಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಅಧಿಕೃತ ಫಲಿತಾಂಶದಲ್ಲಿ ಆಕೆಯ ಸಮಯ 2 ನಿಮಿಷ 9.21 ಸೆಕೆಂಡ್. ಕಂಚು ಗೆದ್ದ ಕೆನಡಾದ ಮೇರಿ-ಸೋಫಿ ಹಾರ್ವಿ ಅವರದು 2 ನಿಮಿಷ 9.15 ಸೆಕೆಂಡ್. ಬರೀ 0.06 ಸೆಕೆಂಡ್ ಅಂತರ! ಚಿನ್ನ ಕೆನಡಾದವರೇ ಆದ ಸಮರ್ ಮೆಕಿಂಟಾಷ್ ಅವರದು.

ಯು ಜಿದಿಗೆ ಕಂಚು ಬಂದದ್ದೇನೋ ನಿಜ, ಆದರೆ ಅದು 4x200 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ. ಆಕೆ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತಿನಲ್ಲಿ, ಈಜಿದ್ದಳು. ತಂಡ ಪದಕ ಗೆದ್ದರೆ ಹೀಟ್ಸ್‌ನಲ್ಲಿ ಈಜಿದವರಿಗೂ ಪದಕ ಸಲ್ಲುತ್ತದೆ.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.