ಬೆನಿದೋರ್ಮ್‌ನ ಎತ್ತರದ ಕಟ್ಟಡಗಳ ಪರವಾಗಿ

ಮೊನ್ನೆ ಸ್ಪೇನಿನ ಎರಡು ಫೋಟೋ ಹಾಕಿದ್ದೆ. ಒಂದು ಆಲ್ತೆಯಾ ಊರಿನದು: ಬಿಳಿ ಗೋಡೆ, ಕಲ್ಲು ಹಾಸಿದ ಮೆಟ್ಟಿಲುಬೀದಿ, ಮೇಲೆ ನೀಲಿ ಹೆಂಚಿನ ಗುಮ್ಮಟದ ಇಗರ್ಜಿ. ಇನ್ನೊಂದು ಅಲ್ಲಿಂದ ಹತ್ತು ಕಿಲೋಮೀಟರ್ ಆಚೆಗಿನ ಬೆನಿದೋರ್ಮ್: ಕಡಲಂಚಿಗೆ ಸಾಲಾಗಿ ನಿಂತ ಇಪ್ಪತ್ತು ಮೂವತ್ತು ಅಂತಸ್ತಿನ ಹೋಟೆಲುಗಳು. ಮೊದಲನೆಯದನ್ನು ಎಲ್ಲರೂ ಮೆಚ್ಚಿದಿರಿ. ಎರಡನೆಯದರ ಕೆಳಗೆ "ಅಯ್ಯೋ, ಎಂಥ ಚಂದದ ಕಡಲನ್ನು ಹಾಳುಮಾಡಿಬಿಟ್ರು" ಎಂದು ಮರುಗಿದಿರಿ. ಹೋಗುವ ಮುಂಚೆ ನನ್ನ ಅಭಿಪ್ರಾಯವೂ ಅದೇ ಇತ್ತು. ಹತ್ತು ದಿನ ಆ ಕರಾವಳಿಯಲ್ಲಿ ಓಡಾಡಿ ಬಂದ ಮೇಲೆ ಬದಲಾಗಿದೆ. ಯಾಕೆಂದು ಹೇಳಬೇಕು.

ತಂಗಿಯ ಮಗಳು ಅಲಿಕಾಂತೆಯಲ್ಲಿ ಓದುತ್ತಿದ್ದಾಳೆ. ನವೆಂಬರಿನಲ್ಲಿ ಅವಳ ಬಳಿ ಹೋಗಿದ್ದೆ. ಅಲಿಕಾಂತೆಯಿಂದ ಬೆನಿದೋರ್ಮ್‌ಗೆ, ಅಲ್ಲಿ ಬದಲಾಯಿಸಿ ದೇನಿಯಾದವರೆಗೆ ಕಡಲ ಬದಿಯಲ್ಲೇ ಒಂದು ಸಣ್ಣ ರೈಲು ಓಡುತ್ತದೆ. ನೂರು ವರ್ಷಕ್ಕೂ ಹಳೆಯ ಮಾರ್ಗ. ಮಾತಿಗೆ ಸಿಕ್ಕವರಿಗೆಲ್ಲ ಅವಳು ಸ್ಪ್ಯಾನಿಷಿನಲ್ಲಿ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಕೋಸ್ತಾ ಬ್ಲಾಂಕಾ ಎನ್ನುವ ಆ ತೀರ ನನಗೆ ತಿಳಿದದ್ದು ಹಾಗೆ.

ಬೆನಿದೋರ್ಮ್ ಮೊದಲು ಮೀನುಗಾರರ ಹಳ್ಳಿ. ಅಲ್ಲಿನವರ ಕಸುಬು ಅಲ್ಮದ್ರಾಬಾ, ಅಂದರೆ ಟ್ಯೂನಾ ಮೀನು ಸಾಗುವ ದಾರಿಗೆ ಅಡ್ಡಲಾಗಿ ಕಡಲೊಳಗೆ ಕೋಣೆ ಕೋಣೆಯಾಗಿ ಬಲೆಗಳ ಕೋಟೆ ಕಟ್ಟಿ ಹಿಡಿಯುವ ವಿದ್ಯೆ. ನಮ್ಮ ಕರಾವಳಿಯ ರಂಪಣಿ ಬಲೆಯ ಹಾಗೆ ಹತ್ತಾರು ಕೈ ಕೂಡಿದರೇ ಆಗುವ ಕೆಲಸ. ಅದರ ಮುಖ್ಯಸ್ಥನನ್ನು, ಅಂದರೆ ನಮ್ಮ ತಾಂಡೇಲನಂಥವನನ್ನು, ಅರಬ್ಬಿಯಿಂದ ಬಂದ ಪದದಲ್ಲಿ ಅರ್ರಾಎಸ್ ಎನ್ನುತ್ತಾರೆ. ಸ್ಪೇನಿನ ಬೇರೆ ತೀರದವರೂ ಬೆನಿದೋರ್ಮ್‌ನ ಅರ್ರಾಎಸರನ್ನೇ ಹುಡುಕಿ ಕರೆಸಿಕೊಳ್ಳುತ್ತಿದ್ದರಂತೆ. 1950ರ ದಶಕ ಬರುವ ಹೊತ್ತಿಗೆ ಆ ಕಸುಬು ಮುಗಿಯುತ್ತಾ ಬಂದಿತ್ತು. ಕೃಷಿಗೆ ನೀರಿಲ್ಲ. ಗಂಡಸರು ಹಡಗು ಹತ್ತಿ ದೂರ ಹೋಗುತ್ತಿದ್ದರು.

ಆಗ ಮೇಯರ್ ಆಗಿದ್ದವನು ಪೆದ್ರೊ ಸರಗೋಸಾ. ಹೆಂಗಸರು ಬಿಕಿನಿ ತೊಟ್ಟರೆ ಪೊಲೀಸರು ದಂಡ ಹಾಕುತ್ತಿದ್ದ ಕಾಲದಲ್ಲಿ ತನ್ನೂರಲ್ಲಿ ಬಿಕಿನಿಗೆ ಅನುಮತಿ ಕೊಟ್ಟ. ಚರ್ಚು ತಿರುಗಿಬಿದ್ದಾಗ ವೆಸ್ಪಾ ಸ್ಕೂಟರ್ ಏರಿ ಮ್ಯಾಡ್ರಿಡ್‌ಗೆ ಹೋಗಿ ಆಗಿನ ಸರ್ವಾಧಿಕಾರಿ ಫ್ರಾಂಕೋನನ್ನೇ ಕಂಡುಬಂದ ಎಂಬ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವನ 1956ರ ನಗರ ಯೋಜನೆ. ಆಗಿನ್ನೂ ಅದು ಬರೀ ಹಳ್ಳಿ. ಅಗಲವಾದ ಬೀದಿಗಳನ್ನು ಮೊದಲೇ ಗುರುತಿಸಿದರು, ಕಟ್ಟಡದ ಸುತ್ತ ಖಾಲಿ ಜಾಗ ಬಿಡಬೇಕೆಂದರು. 1963ರಲ್ಲಿ ಎತ್ತರದ ಮಿತಿಯನ್ನೂ ತೆಗೆದುಹಾಕಿದರು. ಹಾಗಾಗಿ ಊರು ಅಡ್ಡಡ್ಡ ಹರಡದೆ ಮೇಲಕ್ಕೆ ಬೆಳೆಯಿತು. 2002ರಲ್ಲಿ ತೆರೆದ ಒಂದು ಹೋಟೆಲಂತೂ 186 ಮೀಟರ್ ಎತ್ತರ. ಆ ಯೋಜನೆ ಆದದ್ದೂ ಎತ್ತರದ ಮಿತಿ ತೆಗೆದದ್ದೂ ಸರ್ವಾಧಿಕಾರಿಯ ಆಳ್ವಿಕೆಯಲ್ಲಿ, ಬೇಡ ಎನ್ನುವವರಿಗೆ ಬಾಯಿ ಇಲ್ಲದ ಕಾಲದಲ್ಲಿ. ಅದನ್ನು ಮರೆತು ಹೊಗಳಲಾರೆ.

ಆದರೆ ರೈಲಿನ ಕಿಟಕಿಯಿಂದ ನೋಡುತ್ತಾ ಹೋದರೆ ಬೆನಿದೋರ್ಮ್ ಬಹಳ ಬೇಗ ಮುಗಿದುಬಿಡುತ್ತದೆ. ಅದರ ಹಿಂದೆ 1406 ಮೀಟರ್ ಎತ್ತರದ ಪುಯಿಗ್ ಕಂಪಾನಾ ಬೆಟ್ಟ, ಪಕ್ಕದಲ್ಲಿ ಸೆರ್ರಾ ಜೆಲಾದಾ ಗುಡ್ಡ. ಎರಡರ ಮೇಲೂ ಕಾಡು ಇನ್ನೂ ಕಾಡಾಗಿಯೇ ಇದೆ. ಮುಂದೆ ಆಲ್ತೆಯಾ ದಾಟಿ ಕಾಲ್ಪೆಯ ಕಡೆ ಹೋದಾಗ ನನ್ನ ಎದೆ ಧಸಕ್ಕೆಂದಿತು. ಗುಡ್ಡ ಗುಡ್ಡವೇ ವಿಲ್ಲಾಗಳು. ಪ್ರತಿಯೊಂದಕ್ಕೂ ಒಂದು ಈಜುಕೊಳ, ಒಂದು ಗೇಟು, ಗುಡ್ಡ ಕೊರೆದು ಮಾಡಿದ ಒಂದು ರಸ್ತೆ. ಎತ್ತರ ಕಡಿಮೆ, ಬಣ್ಣ ಬಿಳಿ, ಆದ್ದರಿಂದ ದೂರದಿಂದ ಕಣ್ಣಿಗೆ ಹಿತ. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವಾಗ ಒಂದು ಇಡೀ ಗುಡ್ಡದಲ್ಲಿ ನಾಲ್ಕು ದೀಪ ಎಣಿಸಿದೆ. "ಉಳಿದವರು ಬೇಸಿಗೆಗೆ ಬರ್ತಾರೆ ದೊಡ್ಡಮ್ಮ" ಅಂದಳು ಹುಡುಗಿ. ಸ್ವಲ್ಪ ಹೊತ್ತಿಗೆ ಬೆನಿದೋರ್ಮ್ ಬಂತು. ನವೆಂಬರಿನ ಆ ರಾತ್ರಿಯೂ ಅಂಗಡಿ ತೆರೆದಿದ್ದವು, ಬೀದಿಯಲ್ಲಿ ಜನ ಇದ್ದರು.

ಇನ್ನು ನೀರಿನ ಲೆಕ್ಕ. 1978ರ ಬರದಲ್ಲಿ ಬೆನಿದೋರ್ಮ್‌ಗೆ ಹಡಗಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅದರ ಮುಂಚಿನ ವರ್ಷ ಹುಟ್ಟಿದ್ದ ಆ ಸೀಮೆಯ ಜಲ ಒಕ್ಕೂಟ ಕ್ರಮೇಣ ರೈತರ ಜೊತೆ ಒಂದು ಒಪ್ಪಂದ ಬೆಳೆಸಿತು: ಬರದ ಕಾಲದಲ್ಲಿ ರೈತರು ತಮ್ಮ ಪಾಲಿನ ಸಿಹಿನೀರನ್ನು ಪೇಟೆಗೆ ಬಿಡಬೇಕು, ಬದಲಿಗೆ ಪೇಟೆಯ ಕೊಳಚೆಯನ್ನು ಶುದ್ಧಮಾಡಿದ ನೀರು ಅವರ ತೋಟಕ್ಕೆ. ಇಂದಿಗೂ ಅದು ನಡೆಯುತ್ತಿದೆ. ಜನ ಒತ್ತೊತ್ತಾಗಿ ಒಂದೇ ಕಡೆ ಇದ್ದರೆ ಕೊಳಚೆಯನ್ನು ಹಿಡಿದು ತಿರುಗಿ ಬಳಸುವುದು ಸುಲಭ. ಗುಡ್ಡದ ಮೇಲೆ ಚೆದುರಿದ ಸಾವಿರ ತೋಟ, ಸಾವಿರ ಕೊಳಗಳಿಗೆ ಸುರಿದ ನೀರನ್ನು ಯಾವ ಪೈಪಿನಲ್ಲಿ ವಾಪಸ್ ತರುತ್ತೀರಿ?

ಎತ್ತರ ಎಲ್ಲಿದ್ದರೂ ಸರಿ ಎನ್ನುತ್ತಿಲ್ಲ. ದಕ್ಷಿಣಕ್ಕೆ ಅಲ್ಮೇರಿಯಾ ಸೀಮೆಯ ಕಾರ್ಬೊನೆರಾಸ್ ಬಳಿ ಎಲ್ ಅಲ್ಗರ್ರೊಬಿಕೊ ಎಂಬ ಕಡಲತೀರದಲ್ಲಿ, ಕಾಬೊ ದೆ ಗಾತಾ ರಕ್ಷಿತ ಪ್ರದೇಶದಲ್ಲಿ, 411 ಕೋಣೆಗಳ ಹೋಟೆಲು ಕಟ್ಟುತ್ತಿದ್ದರು. 2006ರಲ್ಲಿ ನ್ಯಾಯಾಲಯ ಕೆಲಸ ನಿಲ್ಲಿಸಿತು. ಅಲ್ಲಿ ಕಟ್ಟುವಂತೆಯೇ ಇರಲಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಡವಲು ಇಷ್ಟು ವರ್ಷ ಎಳೆದದ್ದು ನಾಚಿಕೆಗೇಡು. ಪ್ರವಾಸಿಗಳಿಗೆ ಬಾಡಿಗೆ ಕೊಡುವ ಮನೆಗಳು ಹೆಚ್ಚಿ ಸ್ಥಳೀಯರಿಗೆ ಮನೆ ಸಿಗದಂತಾಗಿರುವುದೂ ನಿಜ. 2024ರಲ್ಲಿ ಏಪ್ರಿಲಿನಲ್ಲಿ ಕೆನರಿ ದ್ವೀಪಗಳಲ್ಲಿ, ಜೂನಿನಲ್ಲಿ ಮಲಾಗಾದಲ್ಲಿ ಸಾವಿರಾರು ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಅಲ್ಲಿನ 1988ರ ಕರಾವಳಿ ಕಾಯ್ದೆ ನನಗೆ ಬಹಳ ಹಿಡಿಸಿತು. ಮರಳದಂಡೆ ಸಾರ್ವಜನಿಕರದು, ಯಾವ ಹೋಟೆಲಿನದೂ ಅಲ್ಲ. ಅದರಂಚಿನ ಆರು ಮೀಟರ್ ಯಾರು ಬೇಕಾದರೂ ನಡೆಯಲು ಬಿಡಬೇಕು. ನೂರು ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಮೊದಲೇ ಪೇಟೆಯಾಗಿದ್ದ ಕಡೆ ಮಾತ್ರ ಇಪ್ಪತ್ತು. ನಮ್ಮಲ್ಲೂ 1991ರಿಂದ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಹೊನ್ನಾವರದಲ್ಲಿ ಹುಟ್ಟಿ ಬೆಳೆದ ನನಗೆ, ಚಿಕ್ಕಂದಿನಲ್ಲಿ ಅಡ್ಡಾಡಿದ ದಂಡೆಗೆ ಇಳಿಯುವ ಕಾಲುದಾರಿಗಳು ಒಂದೊಂದಾಗಿ ಬೇಲಿಯ ಹಿಂದೆ ಸರಿಯುತ್ತಿರುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೋಮ್‌ಸ್ಟೇ, ಕಾಟೇಜು ಎಂದು ಇಂಚಿಂಚು ಹಂಚಿಹೋಗುತ್ತಿರುವುದೂ ಹಾಗೆಯೇ, ಸದ್ದಿಲ್ಲದೆ, ಎತ್ತರವಿಲ್ಲದೆ.

ಕೊನೆಯ ದಿನ ಬೆನಿದೋರ್ಮ್‌ನ ಲೆವಾಂತೆ ದಂಡೆಯಲ್ಲಿ ಕೂತಿದ್ದೆವು. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ, ಕಾಲಿಗೆ ಉಣ್ಣೆಯ ಕಾಲುಚೀಲ. ಒಳನಾಡಿನ ಗೋಧಿ ಬೆಳೆಯುವ ಹಳ್ಳಿಯವರಂತೆ. ಸ್ಪೇನ್ ಸರ್ಕಾರ 1985ರಿಂದ ಹಿರಿಯರನ್ನು ಚಳಿಗಾಲದಲ್ಲಿ ಕಡಿಮೆ ಖರ್ಚಿನಲ್ಲಿ ಕಡಲೂರುಗಳಿಗೆ ಕಳಿಸುತ್ತದೆ. ಆ ಯೋಜನೆಯ ಬಸ್ಸಿನಲ್ಲೇ ಬಂದಿದ್ದರು. ಹದಿನಾಲ್ಕನೇ ಅಂತಸ್ತಿನಲ್ಲಿ ಕೋಣೆ. ಗಂಡ ಸಾಯುವವರೆಗೂ ಕಡಲು ನೋಡಿರಲಿಲ್ಲ, ತಾವು ಆರು ವರ್ಷದಿಂದ ಪ್ರತಿ ಚಳಿಗಾಲ ಬರುತ್ತಿರುವುದಾಗಿ ಹೇಳಿದರು. "ಬೆಳಿಗ್ಗೆ ಎದ್ದ ಕೂಡಲೇ ಪರದೆ ಸರಿಸ್ತೇನೆ ಮಗಳೇ, ಅಲ್ಲೇ ಇರ್ತದೆ" ಅಂದರಂತೆ ನಮ್ಮ ಹುಡುಗಿಗೆ, ಕೈಯನ್ನು ನೀರಿನ ಕಡೆ ಚಾಚಿ.