ಮೋಡದ ದಿನ ಬೆಳಕು ಎಲ್ಲಿಂದ ಬರುತ್ತದೆ?

ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆಗೆ ಐದಡಿ ಅಗಲದ ಕಿಟಕಿ ಇದೆ. ಆದರೂ ಜೂನ್ ಬಂತೆಂದರೆ ಬೆಳಗ್ಗೆ ಹತ್ತು ಗಂಟೆಗೂ ಲೈಟ್ ಹಾಕಿಕೊಂಡೇ ಅಕ್ಕಿ ಆರಿಸಬೇಕು. ತಾರಸಿಗೆ ಹೋದರೆ ಅದೇ ಮೋಡದ ಕೆಳಗೆ ಕಣ್ಣು ಕಿರಿದು ಮಾಡುವಷ್ಟು ಬೆಳಕು! ಪ್ಲಾನ್ ಹಾಕಿಕೊಟ್ಟವರು "ಇಷ್ಟು ದೊಡ್ಡ ಕಿಟಕಿ ಇದೆಯಲ್ಲ, ಬೆಳಕಿಗೇನು ಬರ" ಅಂದಿದ್ದರು.

ಅವರು ಬಾನನ್ನು ಎಲ್ಲೆಡೆ ಒಂದೇ ಸಮ ಹೊಳೆಯುವ ಬೋಗುಣಿ ಅಂದುಕೊಂಡಿದ್ದರು. ಲೆಕ್ಕಕ್ಕೆ ಅದು ಸುಲಭ. ಗೋಡೆಗೆ ಅರ್ಧ ಬಾನು ಕಾಣುತ್ತದೆ, ಆದ್ದರಿಂದ ತಾರಸಿಗೆ ಬೀಳುವುದರಲ್ಲಿ ಅರ್ಧ ಗೋಡೆಗೂ ಸಿಗುತ್ತದೆ ಅಂತ. ಆದರೆ 1942ರಲ್ಲೇ ಅಮೆರಿಕದ ಸಂಶೋಧಕರಾದ ಮೂನ್ ಮತ್ತು ಸ್ಪೆನ್ಸರ್ ದಟ್ಟ ಮೋಡದ ಬಾನಿಗೆ ಬೇರೆ ಸೂತ್ರ ಕೊಟ್ಟಿದ್ದಾರೆ. ದಿಗಂತದ ಅಂಚಿಗಿಂತ ನೆತ್ತಿಯ ಮೇಲೆ ಹೊಳಪು ಮೂರು ಪಟ್ಟು. ಆ ಲೆಕ್ಕದಲ್ಲಿ ಗೋಡೆಗೆ ಸಿಗುವುದು ಶೇ. 40 ಅಷ್ಟೇ. ಅದೂ ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ. ನಮ್ಮ ಕಿಟಕಿಯಿಂದ ನಾಲ್ಕಡಿ ಆಚೆ ಪಕ್ಕದ ಮನೆಯ ಗೋಡೆ!

ಮಲೆನಾಡಿನ ಅಜ್ಜಿ ಮನೆಯಲ್ಲಿ ಕಿಟಕಿಗಳು ಅಂಗೈಯಗಲ. ಅಡುಗೆಮನೆಯ ಮಾಡಿಗೆ ಒಂದೇ ಒಂದು ಗಾಜಿನ ಹೆಂಚು. ಹೊರಗೆ ಆಷಾಢದ ಮಳೆ ಹೊಯ್ಯುತ್ತಿದ್ದರೆ ಅಜ್ಜಿ ಮೊರ ಹಿಡಿದು ಸರಿಯಾಗಿ ಅದರ ಕೆಳಗೇ ಕೂರುತ್ತಿದ್ದರು. ಒಂದು ಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಹೆಂಚು ನೋಡುವುದು ನೆತ್ತಿಯನ್ನು, ಅಲ್ವಾ? ತೊಟ್ಟಿ ಮನೆಯ ತೊಟ್ಟಿಯೂ ಅಷ್ಟೇ.

ಬಿಸಿಲಿದ್ದಾಗ ಬಾನಿನ ವೇಷವೇ ಬೇರೆ. ಸೂರ್ಯನ ಸುತ್ತ ಕಣ್ಣು ಕುಕ್ಕುವ ಬಿಳುಪು, ಅವನಿಂದ 90 ಡಿಗ್ರಿ ದೂರದಲ್ಲಿ ಕಡು ನೀಲಿ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಪೆರೆಜ್ ಮಾದರಿ 1990ರ ದಶಕದಿಂದಲೂ ಇದೆ. ಬಳಸುವ ಮನಸ್ಸು ಬೇಕು.

ಈಗ ಗೋಡೆಗೂ ಸೋಲಾರ್ ಪ್ಯಾನೆಲ್ ಹಚ್ಚುತ್ತೇವೆ ಅಂತ ಬರುತ್ತಿದ್ದಾರೆ. ಜರ್ಮನಿಯಲ್ಲಿ ಚಳಿಗಾಲದ ಸೂರ್ಯ ತಗ್ಗಿನಲ್ಲೇ ಸುತ್ತುತ್ತಾನೆ, ಅಲ್ಲಿಗೆ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ 21ರ ನಡುಹಗಲು ಸೂರ್ಯ ನಮ್ಮ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕಿರುತ್ತಾನೆ. ದಕ್ಷಿಣದ ಗೋಡೆಗೆ ಇಡೀ ದಿನ ನೇರ ಬಿಸಿಲೇ ಇಲ್ಲ. ಮೇಲೆ ಮೋಡ ಬೇರೆ. ಅದೇ ಪ್ಯಾನೆಲನ್ನು ತಾರಸಿಯಲ್ಲಿ 13 ಡಿಗ್ರಿ ಓರೆ ಮಾಡಿಟ್ಟರೆ ಹೆಚ್ಚುಕಡಿಮೆ ಇಡೀ ಬಾನು ಅದರ ಪಾಲಿಗೆ.

ಅಡುಗೆಮನೆಯ ಸೂರಿಗೆ ಎರಡಡಿ ಚದರದ ಬೆಳಕಿಂಡಿ ತೆಗೆಸುತ್ತಿದ್ದೇನೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೇ ಬಂದಾಗ ಮೇಲೊಂದು ಚಾಪೆ ಹೊದಿಸಬೇಕು, ಗೊತ್ತು. ಮೇಸ್ತ್ರಿ ಮಾತ್ರ "ಸೋರುತ್ತೆ ಸಾರ್" ಅಂತ ಈಗಲೇ ರಾಗ ಎಳೆಯುತ್ತಿದ್ದಾರೆ.