ಹೋಂವರ್ಕ್‌ಗೆ ಮೊಬೈಲ್ ನಂಬಬಹುದಾ?

ಪರ: ನಮ್ಮ ಮನೆಯಲ್ಲಿ ಬೇರೆ ಯಾರನ್ನು ಕೇಳುವುದು?
(ಸುರತ್ಕಲ್‌ನ ಒಬ್ಬ ತಾಯಿ)

ನಾನು ಕಲಿತದ್ದು ಏಳನೇ ಕ್ಲಾಸ್. ಈಗ ಮಗಳೂ ಏಳನೇ ಕ್ಲಾಸ್. ಮನೆಯವರಿಗೆ ಬಂದರಿನ ದಕ್ಕೆಯಲ್ಲಿ ಕೆಲಸ, ಬೆಳಗಿನ ಜಾವ ಮೂರಕ್ಕೇ ಹೊರಡುತ್ತಾರೆ, ರಾತ್ರಿ ಎಂಟಕ್ಕೆ ಮಲಗುತ್ತಾರೆ. ಅತ್ತೆ ಮತ್ತು ನಾನು ಬೀಡಿ ಕಟ್ಟುತ್ತೇವೆ. ಮಗಳು ವಿಜ್ಞಾನದ ಪುಸ್ತಕ ಹಿಡಿದು ಬಂದು "ಅಮ್ಮ, ಪ್ರತ್ಯಾಮ್ಲ ಅಂದ್ರೆ ಎಂತ?" ಅಂತ ಕೇಳಿದರೆ ನಾನು ಬೀಡಿಯ ತಡ್ಪೆ (ಮೊರ) ನೋಡುತ್ತೇನೆ, ಅತ್ತೆ ನನ್ನ ಮುಖ ನೋಡುತ್ತಾರೆ. ಟ್ಯೂಶನ್‌ಗೆ ಕಳಿಸಿ ಅನ್ನುವವರು ಇದ್ದಾರೆ. ಸಾವಿರ ಬೀಡಿಗೆ ಎಷ್ಟು ಸಿಗುತ್ತದೆ ಅಂತ ಅವರಿಗೆ ಗೊತ್ತುಂಟಾ?

ಹಾಗಾಗಿ ಮೊಬೈಲ್. ಅದರಲ್ಲಿ ಇರುವುದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತಿರಬೇಕು, ಅಷ್ಟೇ. ಶಾಲೆಯ ಪುಸ್ತಕದಲ್ಲಿ ಪಾಠದ ಹತ್ತಿರ ಒಂದು ಕಪ್ಪು-ಬಿಳಿ ಚೌಕ ಇರುತ್ತದೆ. ಒಂದು ವರ್ಷ ನಾನು ಅದನ್ನು ಸುಮ್ನೆ ಅಂದಕ್ಕೆ ಹಾಕಿದ್ದು ಅಂದುಕೊಂಡಿದ್ದೆ! ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಅದೇ ಪಾಠಕ್ಕೆ ಸೇರಿದ್ದು ತೆರೆದುಕೊಳ್ಳುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ. ಹೋದ ಮಳೆಗಾಲದಲ್ಲಿ ಸಮಾಜದ ಪುಸ್ತಕ ಬ್ಯಾಗಿನಲ್ಲೇ ನೆನೆದು, ಒಣಗಿಸಿದ ಮೇಲೆ ಹಪ್ಪಳದ ಹಾಗಾಯಿತು. ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಇಡೀ ಪುಸ್ತಕವೇ ಪಿಡಿಎಫ್ ಆಗಿ ಸಿಕ್ಕಿತು. ಗಣಿತಕ್ಕೆ ಖಾನ್ ಅಕಾಡೆಮಿ ಅನ್ನುವ ವೆಬ್‌ಸೈಟಿನ ಪಾಠ ಕನ್ನಡದಲ್ಲೇ ಉಂಟು.

ಆ ಪ್ರತ್ಯಾಮ್ಲದ ಕಥೆ ಹೇಳುತ್ತೇನೆ. ವಿಡಿಯೋದಲ್ಲಿ ದಾಸವಾಳದ ಎಸಳನ್ನು ಬಿಸಿನೀರಿಗೆ ಹಾಕಿ ಬಣ್ಣ ಬಿಡಿಸಿದರು. ನಮ್ಮ ಬೇಲಿ ತುಂಬ ದಾಸವಾಳ. ಎರಡು ಸ್ಟೀಲ್ ಲೋಟದಲ್ಲಿ ಆ ನೀರು ಇಟ್ಟೆವು. ಒಂದಕ್ಕೆ ನಿಂಬೆರಸ ಹಾಕಲು ಹೇಳಿದ್ದರು. ನಿಂಬೆ ಇರಲಿಲ್ಲ, ಹಿತ್ತಲಿನ ಹುಳಿ ಬಿಂಬುಳಿಕಾಯಿ ಹಿಂಡಿದೆವು. ನೀರು ಗಾಢ ಗುಲಾಬಿಯಾಯಿತು. ಇನ್ನೊಂದಕ್ಕೆ ಬಟ್ಟೆ ಸೋಪಿನ ನೀರು, ಅದು ಹಸಿರಾಯಿತು. ಹುಳಿಯ ಹಾಗೆ ಗುಲಾಬಿ ಮಾಡುವುದು ಆಮ್ಲ, ಸೋಪಿನ ಹಾಗೆ ಹಸಿರು ಮಾಡುವುದು ಪ್ರತ್ಯಾಮ್ಲ. ಅತ್ತೆ ಬೀಡಿ ಬಿಟ್ಟು ಎದ್ದು ಬಂದು, ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪುನರ್ಪುಳಿ ಹಣ್ಣು ಹಾಕಿದರೆ ಏನಾಗುತ್ತದೆ ಅಂತ ಅವರದೇ ಪ್ರಶ್ನೆ. ಅದಕ್ಕೇ ಒಳ್ಳೆಯ ಕೆಂಪು ಉಂಟಲ್ಲ, ಗೊತ್ತಾಗುವುದಿಲ್ಲ ಅಂದಳು ಮಗಳು. ಪ್ರತ್ಯಾಮ್ಲ ಅಂದರೆ ಎಂತ ಅಂತ ಈಗ ನಮ್ಮ ಮನೆಯಲ್ಲಿ ಮೂವರಿಗೆ ಗೊತ್ತು.

ಮಕ್ಕಳು ನೋಡಿ ಬರೆಯುತ್ತಾರೆ, ಯೋಚನೆ ಮಾಡುವುದಿಲ್ಲ ಅಂತ ಒಂದು ದೂರು. ನಮ್ಮ ಕಾಲದಲ್ಲಿ ಗೈಡ್ ಇರಲಿಲ್ವಾ? ಅದರಿಂದ ಅಕ್ಷರ ಬಿಡದೆ ಬರೆದವರೇ ಇವತ್ತು ಇದನ್ನು ಹೇಳುವುದು. ಅವರ ಮನೆಯಲ್ಲಿ ಲ್ಯಾಪ್‌ಟಾಪ್ ಬೇರೆ ಇರುತ್ತದೆ.

ನಮ್ಮಲ್ಲಿ ಒಂದೇ ಕಾಯ್ದೆ. ಮೊದಲು ಪುಸ್ತಕ, ಆಮೇಲೆ ಮೊಬೈಲ್. ಎರಡಕ್ಕೂ ತಾಳೆ ಆಗದಿದ್ದರೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಟ್ಟು ಮಾರನೇ ದಿನ ಟೀಚರನ್ನು ಕೇಳುವುದು. ಗೆರೆ ಜಾಸ್ತಿ ಆಯಿತು ಅಂತ ಟೀಚರ್ ಒಮ್ಮೆ ನಕ್ಕರಂತೆ. ನಗಲಿ.

ವಿರೋಧ: ಮೂರೋ, ಏಳೋ
(ಕಾರ್ಕಳದ ಒಬ್ಬ ನಿವೃತ್ತ ಅಧ್ಯಾಪಕ)

ಸಂಪಾದಕರು ಫೋನ್ ಮಾಡಿ "ಮಾಷ್ಟ್ರೇ, ನೀವು ವಿರೋಧ ಬರೆಯಿರಿ" ಅಂದರು. ಪರ ಅಂದಿದ್ದರೆ ಅದನ್ನೂ ಬರೆಯುತ್ತಿದ್ದೆನೋ ಏನೋ. ಒಪ್ಪಿಕೊಂಡದ್ದಾಯಿತು, ಬರೆಯುತ್ತೇನೆ.

ಪುಸ್ತಕಕ್ಕೆ ಬರೆದವರ ಹೆಸರುಂಟು, ಅಚ್ಚಾದ ವರ್ಷ ಉಂಟು. ತಪ್ಪಿದ್ದರೆ ಯಾರನ್ನು ಬೈಯಬೇಕು ಅಂತ ಗೊತ್ತಿರುತ್ತದೆ. ಮೊಬೈಲಿನಲ್ಲಿ ಯಾರನ್ನು ಬೈಯುವುದು? 1930ರ ದಶಕದಲ್ಲೇ ನಮ್ಮ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟದ ವಿಶ್ವಕೋಶ ಬರೆದಿದ್ದರು. ಅಂಥ ಪುಸ್ತಕ ಕಪಾಟಿನಲ್ಲಿದ್ದರೆ ಹುಡುಕುವ ಗೋಳೇ ಇಲ್ಲ. ಕಪಾಟಿಗೆ ಬೀಗ ಹಾಕಿ ಬೀಗದಕೈ ಹೆಡ್‌ಮಾಷ್ಟ್ರ ಹತ್ತಿರ ಇರುತ್ತಿತ್ತು ಅನ್ನುವುದು ಬೇರೆ ವಿಷಯ. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳ ಪ್ರಶ್ನೆಯೂ ಉಂಟು, ಅದಕ್ಕೆ ಇಲ್ಲಿ ಜಾಗ ಸಾಲದು.

ನನ್ನ ಮೊಮ್ಮಗನದು ಹೇಳುತ್ತೇನೆ. ಐದನೇ ಕ್ಲಾಸ್. ನಮ್ಮ ಉಡುಪಿ ಜಿಲ್ಲೆಯ ತಾಲೂಕುಗಳನ್ನು ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ಅವನು ಅಪ್ಪನ ಮೊಬೈಲ್ ಹಿಡಿದು ಜಗಲಿಯಲ್ಲಿ ಕೂತ. ಮೊದಲು ಸಿಕ್ಕಿದ್ದರಲ್ಲಿ ಕಾರ್ಕಳ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಇನ್ನೊಂದರಲ್ಲಿ ಉಡುಪಿ ಜಿಲ್ಲೆಗೆ ಮೂರು ತಾಲೂಕು: ಉಡುಪಿ, ಕುಂದಾಪುರ, ಕಾರ್ಕಳ. ಎರಡೂ ಸುಳ್ಳಲ್ಲ, ನೋಡಿ. 1997ರಲ್ಲಿ ಜಿಲ್ಲೆ ಬೇರೆಯಾಗುವ ತನಕ ನಾವು ದಕ್ಷಿಣ ಕನ್ನಡದವರೇ. ಬೇರೆಯಾದಾಗ ಇದ್ದದ್ದು ಮೂರೇ ತಾಲೂಕು. ಬರೆದವರು ಬರೆದು ಹೋಗಿದ್ದಾರೆ, ಆಮೇಲೆ ತಿದ್ದಿದವರಿಲ್ಲ. ಪುಟದಲ್ಲಿ ತಾರೀಕೂ ಇಲ್ಲ. ಹುಡುಗ ಚೆಂದದ ಅಕ್ಷರದಲ್ಲಿ ಮೂರು ಬರೆದ, ಪಕ್ಕದಲ್ಲಿ ಒಂದು ನಕ್ಷೆಯನ್ನೂ ಬಿಡಿಸಿದ. ಮಾರನೇ ದಿನ ಕೆಂಪು ಶಾಯಿಯ ಗೀಟು ಹಾಕಿಸಿಕೊಂಡು ಬಂದ.

ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಮೂವತ್ತು ವರ್ಷ ಸಮಾಜ ಪಾಠ ಮಾಡಿದ ಅಜ್ಜ ಅದೇ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಒಂದು ಮಾತು ಕೇಳಬಾರದಿತ್ತಾ? ಕೇಳಿಯೇಬಿಟ್ಟೆ. "ಅಜ್ಜ, ಹಾಗಾದ್ರೆ ಎಷ್ಟು?" ಅಂದ. ನಾನು ಬೆರಳು ಮಡಚಿ ಎಣಿಸಿದೆ. ಉಡುಪಿ, ಕುಂದಾಪುರ, ಕಾರ್ಕಳ, ಬೈಂದೂರು, ಬ್ರಹ್ಮಾವರ, ಕಾಪು. "ಆರು" ಅಂದೆ.

"ಹೆಬ್ರಿ? ಚಿಕ್ಕಮ್ಮನ ಮನೆ ಹತ್ತಿರ ತಾಲೂಕು ಆಫೀಸ್ ಅಂತ ಬೋರ್ಡ್ ಉಂಟಲ್ವಾ?"

ಏಳು. ಜಿಲ್ಲೆಯ ಸರ್ಕಾರಿ ವೆಬ್‌ಸೈಟ್ ತೆರೆದು ಖಚಿತ ಮಾಡಿಕೊಂಡೆವು, ಅವನ ಅಪ್ಪನ ಮೊಬೈಲಿನಲ್ಲೇ. ಸಂಪಾದಕರು ಬೇಕಾದರೆ ಈ ಕೊನೆಯ ಸಾಲನ್ನು ಹೊಡೆದು ಹಾಕಲಿ.